ಟರ್ಬೊ ತಣಿಯಲಿ, ಆಮೇಲೆ ಬಂದ್ ಮಾಡು!

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಹೊಡೆಯೋ ಹಿರಿಯ ಡ್ರೈವರುಗಳ ಬಾಯಲ್ಲಿ ಒಂದು ಮಾತು ಖಾಯಂ ಇರತ್ತೆ: "ತಮ್ಮಾ, ನಿಂತ ಕೂಡ್ಲೇ ಬಂದ್ ಮಾಡಬ್ಯಾಡೋ. ಎರಡ ಮಿನಿಟ ಹಂಗ ಬಿಡು. ಟರ್ಬೊ ಇನ್ನಾ ತಿರಗಾಕತ್ತೈತಿ."

ನನ್ನೂರು ತುಕ್ಕಾನಟ್ಟಿ. ಮೊದಲು ಗೋಕಾಕ ತಾಲ್ಲೂಕಿನಲ್ಲಿತ್ತು, ಈಗ ಮೂಡಲಗಿ ತಾಲ್ಲೂಕು. ಕೃಷಿ ವಿಜ್ಞಾನ ಕೇಂದ್ರ ಇರೋದರಿಂದ ಬೆಳಗಾವಿ ಜಿಲ್ಲೆಯ ರೈತರಿಗೆ ಹೆಸರು ಗೊತ್ತು, ಉಳಿದವರಿಗೆ ಗೊತ್ತಿರಲಿಕ್ಕಿಲ್ಲ. ಈ "ಎರಡ ಮಿನಿಟ" ಮಾತನ್ನು ನಾನು ಎಂಜಿನಿಯರಿಂಗ್ ಓದೋಕೆ ಹೋಗುವ ಮುಂಚೆಯೇ ನಮ್ಮ ಕಾಕಾನ ಬಾಯಲ್ಲಿ ಕೇಳಿದ್ದೆ. ಕಾಲೇಜಿನಲ್ಲಿ ನಾಲ್ಕು ವರ್ಷ ಯಾರೂ ಅದನ್ನ ಹೇಳಿಕೊಡಲಿಲ್ಲ :) ಈಗ ಸಾಫ್ಟ್‌ವೇರ್ ಕೆಲಸದಲ್ಲಿ, ಸರ್ವರ್ ಒಂದನ್ನು ಸುಮ್ಮನೆ ಪವರ್ ತೆಗೆದು ಆರಿಸಬಾರದು, ಕೈಲಿರೋ ಕೆಲಸ ಮುಗಿಸಿ ಕ್ರಮವಾಗಿ ಆರಿಸಬೇಕು ಅನ್ನೋ ಪಾಠ ದಿನಾ ಕೇಳ್ತೀನಿ. ಎರಡೂ ಒಂದೇ ಮಾತು ಅನ್ನಿಸ್ತು. ಈ ಎರಡು ನಿಮಿಷ ಎಲ್ಲಿಂದ ಬಂತು, ಯಾರ್ಯಾರ ಕೈ ದಾಟಿ ನಮ್ಮ ಹೊಲದವರೆಗೆ ಬಂತು ಅಂತ ಹುಡುಕುತ್ತಾ ಹೋದೆ. ಸ್ವಿಟ್ಜರ್‌ಲ್ಯಾಂಡ್, ಅಮೆರಿಕದ ಒಂದು ಬೆಟ್ಟ, ನಮ್ಮ ಬೆಂಗಳೂರಿನ ಎಚ್‌ಎಎಲ್, ಘಟಪ್ರಭಾ ಸ್ಟೇಶನ್... ಬಹಳ ದೂರ ಸುತ್ತಿಸಿತು. ಸ್ವಲ್ಪ ಉದ್ದದ ಬರಹ, ಚಹಾ ಹಿಡಕೊಂಡು ಕೂತ್ಕೊಳ್ಳಿ.

ಫಾಲ್ಸಿನ ಚಕ್ರ, ಹೊಗೆಯ ಚಕ್ರ

ಟರ್ಬೊ ಅಂದ್ರೇನು ಅಂತ ನಮ್ಮ ಕಡೆಯವರಿಗೆ ಹೇಳೋದು ಸುಲಭ. ಗೋಕಾಕ ಫಾಲ್ಸ್ ನೋಡಿರ್ತಾರಲ್ಲ! ಘಟಪ್ರಭಾ ನದಿ ಸುಮಾರು 52 ಮೀಟರ್ ಕೆಳಗೆ ಬೀಳುವ ಆ ಜಾಗದಲ್ಲಿ ನೂಲಿನ ಗಿರಣಿಯ ಕಂಪನಿ ಸ್ಥಾಪನೆಯಾದದ್ದು 1885ರಲ್ಲಿ. ಬೀಳುವ ನೀರಿನಿಂದ ಟರ್ಬೈನ್ ತಿರುಗಿಸಿ ಗಿರಣಿ ನಡೆಸಿದರು. ನದಿ ಹೇಗೂ ಕೆಳಗೆ ಬೀಳ್ತಾ ಇತ್ತು, ಆ ಬೀಳುವ ಬಲವನ್ನು ದುಡಿಸಿಕೊಂಡರು ಅಷ್ಟೆ.

ಟರ್ಬೊಚಾರ್ಜರ್ ಕೂಡ ಇದೇ ಲೆಕ್ಕ. ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆ ಹೇಗೂ ಗಾಳಿಗೆ ಹೋಗ್ತಾ ಇರತ್ತೆ. ಅದರ ದಾರಿಯಲ್ಲಿ ಒಂದು ಚಕ್ರ ಇಡಿ. ಅದೇ ದಂಡದ ಇನ್ನೊಂದು ತುದಿಗೆ ಇನ್ನೊಂದು ಚಕ್ರ ಇಡಿ. ಹೊಗೆ ಮೊದಲನೆಯದನ್ನು ತಿರುಗಿಸತ್ತೆ, ಎರಡನೆಯದು ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬತ್ತೆ. ಹೆಚ್ಚು ಗಾಳಿ, ಹೆಚ್ಚು ಇಂಧನ, ಹೆಚ್ಚು ಶಕ್ತಿ. ಎಂಜಿನ್ ಮಾತ್ರ ಅಷ್ಟೇ ದೊಡ್ಡದು.

ಈ ಉಪಾಯಕ್ಕೆ 1905ರಲ್ಲಿ ಪೇಟೆಂಟ್ ಪಡೆದವನು ಆಲ್ಫ್ರೆಡ್ ಬ್ಯೂಕಿ ಅನ್ನೋ ಸ್ವಿಸ್ ಎಂಜಿನಿಯರ್. ವಿಂಟರ್‌ಟೂರ್ ಊರಿನ ಸುಲ್ಜರ್ ಕಂಪನಿಯಲ್ಲಿ ಕೆಲಸ ಮಾಡಿದವನು. ಡೀಸೆಲ್ ಎಂಜಿನ್ನಿಗೆ ಇದನ್ನ ಯಶಸ್ವಿಯಾಗಿ ಜೋಡಿಸಿ ಶೇ. 40ರಷ್ಟು ಹೆಚ್ಚು ಶಕ್ತಿ ತೆಗೆದು ತೋರಿಸೋ ಹೊತ್ತಿಗೆ 1925 ಬಂದಿತ್ತು. ಇಪ್ಪತ್ತು ವರ್ಷ! ತಲೆಯಲ್ಲಿ ಉಪಾಯ ಇದ್ದರೆ ಸಾಲದು, ಕೆಂಪಗೆ ಕಾಯುವ ಚಕ್ರವನ್ನು ತಡೆದುಕೊಳ್ಳೋ ಲೋಹ, ಬೇರಿಂಗು, ಎಣ್ಣೆ ಎಲ್ಲಾ ಬೇಕಿತ್ತು.

ನಡುವೆ ಇನ್ನೊಂದು ಕಡೆ ಇದಕ್ಕೆ ತುರ್ತು ಬಂತು. ಮೊದಲ ಮಹಾಯುದ್ಧದ ವಿಮಾನಗಳು ಮೇಲೆ ಹೋದಂತೆಲ್ಲ ಗಾಳಿ ತೆಳುವಾಗಿ ಶಕ್ತಿ ಕಳಕೊಳ್ತಿದ್ದವು. ಫ್ರಾನ್ಸಿನಲ್ಲಿ ಆಗಸ್ಟ್ ರಾತೊ, ಅಮೆರಿಕದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸ್ಯಾನ್‌ಫರ್ಡ್ ಮಾಸ್ ಇದರ ಬೆನ್ನು ಹತ್ತಿದರು. 1918ರಲ್ಲಿ ಮಾಸ್ ಒಂದು ಲಿಬರ್ಟಿ ಎಂಜಿನ್ನನ್ನು ಟ್ರಕ್ಕಿನ ಮೇಲೆ ಹೇರಿಕೊಂಡು 14,000 ಅಡಿಗೂ ಎತ್ತರದ ಪೈಕ್ಸ್ ಪೀಕ್ ಬೆಟ್ಟ ಹತ್ತಿದ. ಸಮುದ್ರ ಮಟ್ಟದಲ್ಲಿ 350 ಎಚ್‌ಪಿ ಕೊಡುತ್ತಿದ್ದ ಎಂಜಿನ್ ಬೆಟ್ಟದ ಮೇಲೆ 230ಕ್ಕೆ ಇಳಿದಿತ್ತು. ಟರ್ಬೊ ಹಾಕಿದ ಮೇಲೆ 356 ಕೊಟ್ಟಿತು.

ಬೆಂಗಳೂರಿಗೆ ಬಂದ ಲಿಬರೇಟರ್‌ಗಳು

ಕರ್ನಾಟಕಕ್ಕೆ ಟರ್ಬೊ ದೊಡ್ಡ ಪ್ರಮಾಣದಲ್ಲಿ ಬಂದದ್ದು ಲಾರಿಯಲ್ಲೂ ಅಲ್ಲ, ಕಾರಿನಲ್ಲೂ ಅಲ್ಲ, ಬಾಂಬರ್ ವಿಮಾನದಲ್ಲಿ. ಇದು ನನಗೆ ಬಹಳ ಖುಷಿ ಕೊಟ್ಟ ಕಥೆ.

ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಜೊತೆ ಸೇರಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದರು. ಯುದ್ಧ ಪೂರ್ವಕ್ಕೆ ಬಂದಾಗ, 1943ರಲ್ಲಿ ಅದು ಅಮೆರಿಕದ ವಾಯುಪಡೆಯ ಕೈಗೆ ಹೋಗಿ ವಿಮಾನ ದುರಸ್ತಿಯ ದೊಡ್ಡ ಕೇಂದ್ರವಾಯ್ತು. ನಮ್ಮ ಮೆಕ್ಯಾನಿಕ್‌ಗಳು ಅಮೆರಿಕನ್ ಎಂಜಿನ್ನುಗಳನ್ನು ಬಿಚ್ಚಿ ಜೋಡಿಸೋದನ್ನ ಅಲ್ಲಿ ಕಲಿತರು.

ಯುದ್ಧ ಮುಗಿದ ಮೇಲೆ ಬ್ರಿಟಿಷರು ಬಿಟ್ಟುಹೋದ ಬಿ-24 ಲಿಬರೇಟರ್ ಬಾಂಬರ್‌ಗಳು ಕಾನಪುರದಲ್ಲಿ ಸಾಲಾಗಿ ಬಿದ್ದಿದ್ದವು. ಮತ್ತೆ ಹಾರಬಾರದು ಅಂತ ಬೇಕೆಂದೇ ಹಾಳುಗೆಡವಿದ್ದರು. ಒಂದೊಂದಕ್ಕೂ ನಾಲ್ಕು ಪ್ರಾಟ್ ಅಂಡ್ ವಿಟ್ನಿ ಎಂಜಿನ್, ಒಂದೊಂದು ಎಂಜಿನ್ನಿಗೂ 14 ಸಿಲಿಂಡರ್, 1200 ಎಚ್‌ಪಿ, ಜೊತೆಗೆ ಒಂದು ಟರ್ಬೊ. ಸ್ವಾತಂತ್ರ್ಯ ಬಂದ ಹೊಸತು, ದೇಶದ ಹತ್ತಿರ ಭಾರೀ ಬಾಂಬರ್ ಒಂದೂ ಇಲ್ಲ. 1948ರಲ್ಲಿ ಎಚ್‌ಎಎಲ್‌ನವರು ಆ ರಾಶಿಯೊಳಗಿಂದ ಒಂದೊಂದನ್ನೇ ಹಾರುವಷ್ಟು ಮಾತ್ರ ಸರಿ ಮಾಡಿದರು. ಟೆಸ್ಟ್ ಪೈಲಟ್ ಜಿಮ್ಮಿ ಮುನ್ಶಿ ಅವನ್ನು ಕಾನಪುರದಿಂದ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಎಂಥಾ ಧೈರ್ಯ ನೋಡಿ! ಬೆಂಗಳೂರಿನಲ್ಲಿ ಪೂರ್ತಿ ಬಿಚ್ಚಿ ಕಟ್ಟಿದರು. ಅದೇ ವರ್ಷದ ನವೆಂಬರಿನಲ್ಲಿ ಈ ವಿಮಾನಗಳಿಂದಲೇ ವಾಯುಪಡೆಯ 5ನೇ ಸ್ಕ್ವಾಡ್ರನ್ ಎದ್ದು ನಿಂತಿತು. 1968ರವರೆಗೆ ಲಿಬರೇಟರ್‌ಗಳು ನಮ್ಮಲ್ಲಿ ಹಾರಿದವು. ಇವತ್ತು ಬ್ರಿಟನ್ನಿನ ಆರ್‌ಎಎಫ್ ಮ್ಯೂಸಿಯಂ, ಅಮೆರಿಕದ ಪೀಮಾ ಮ್ಯೂಸಿಯಂನಲ್ಲಿರೋ ಲಿಬರೇಟರ್‌ಗಳು ಭಾರತದಿಂದಲೇ ಹೋದವು.

ಈ ವಿಮಾನಗಳ ಎಂಜಿನ್ ಆರಿಸೋ ಕ್ರಮ ಗಮನಿಸಿ. ಅಂಥ ದೊಡ್ಡ ರೇಡಿಯಲ್ ಎಂಜಿನ್ನನ್ನು ನೆಲಕ್ಕಿಳಿದ ತಕ್ಷಣ ಆರಿಸೋದಿಲ್ಲ. ಸಿಲಿಂಡರ್ ತಣಿಯುವ ತನಕ ನಿಧಾನ ಓಡಿಸಬೇಕು. ಆಮೇಲೆ ಮೊದಲು ಕಿಡಿ ನಿಲ್ಲಿಸೋದಲ್ಲ, ಇಂಧನ ನಿಲ್ಲಿಸೋದು. ಒಳಗಿದ್ದ ಪೆಟ್ರೋಲ್ ಉರಿದು ಮುಗಿದು ಎಂಜಿನ್ ತಾನಾಗೇ ನಿಂತ ಮೇಲೆ ಮ್ಯಾಗ್ನೆಟೊ ಆಫ್. ಹಾಗಲ್ಲದೆ ಒಳಗೆ ಪೆಟ್ರೋಲ್ ಉಳಿದರೆ, ಆಮೇಲೆ ಯಾರೋ ಪ್ರೊಪೆಲ್ಲರ್ ಕೈಯಿಂದ ತಿರುಗಿಸಿದಾಗ ಎಂಜಿನ್ ಒದ್ದು ಎದ್ದೀತು. ಈ ಎರಡು ಸೂತ್ರ ನೆನಪಿಡಿ: ಮೊದಲು ತಣಿಸು, ಆಮೇಲೆ ಇಂಧನ ನಿಲ್ಲಿಸು. ಮುಂದೆ ಡ್ರ್ಯಾಗ್ ಕಾರಿನಲ್ಲೂ ಇದೇ ಬರತ್ತೆ.

ಘಟಪ್ರಭಾ ಸ್ಟೇಶನ್ನಿನ ಕರಿ ಹೊಗೆ

ನಮ್ಮ ಭಾಗದ ಜನ ಟರ್ಬೊವನ್ನು ಹತ್ತಿರದಿಂದ ಕೇಳಿದ್ದು ರೈಲಿನಲ್ಲಿ. ಮಿರಜ-ಲೋಂಡಾ ದಾರಿ ಮೀಟರ್ ಗೇಜ್ ಇದ್ದಾಗ ಉಗಿ ಎಂಜಿನ್ನಿನ ಜಾಗಕ್ಕೆ ವೈಡಿಎಂ-4 ಡೀಸೆಲ್‌ಗಳು ಬಂದವು. ಅಮೆರಿಕದ ಆಲ್ಕೊ ಕಂಪನಿಯ ವಿನ್ಯಾಸ, 6 ಸಿಲಿಂಡರ್, ಟರ್ಬೊ. ಬ್ರಾಡ್ ಗೇಜ್‌ನಲ್ಲಿ ಇದರ ದೊಡ್ಡಣ್ಣ ಡಬ್ಲ್ಯೂಡಿಎಂ-2, 16 ಸಿಲಿಂಡರ್, 2600 ಎಚ್‌ಪಿ. 1964ರಿಂದ ವಾರಾಣಸಿಯಲ್ಲೇ ತಯಾರಾಗತೊಡಗಿತು. ಸ್ಟೇಶನ್ ಬಿಡೋವಾಗ ಗುಪ್ಪೆಂದು ಕರಿ ಹೊಗೆ ಉಗುಳುತ್ತಿತ್ತಲ್ಲ, ಅದು ಟರ್ಬೊ ವೇಗ ಹಿಡಿಯೋ ಮುಂಚೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ ಆದ ಗುರುತು. ಹೊಗೆ ತಿಳಿಯಾಗುತ್ತಾ ಸಿಳ್ಳೆಯಂಥ ದನಿ ಏರಿದರೆ ಟರ್ಬೊ ಕೆಲಸಕ್ಕೆ ಬಂತು ಅಂತ.

ಆಲ್ಕೊ ಎಂಜಿನ್ನುಗಳು ಗಂಟೆಗಟ್ಟಲೆ ಡಗ್ ಡಗ್ ಅಂತ ಐಡಲ್ ನಿಂತಿರುತ್ತಿದ್ದವು. ಆರಿಸಿದರೆ ಮತ್ತೆ ಹೊತ್ತಿಸೋ ಕಷ್ಟ, ಬ್ರೇಕಿನ ಗಾಳಿ, ಬ್ಯಾಟರಿ ಹೀಗೆ ಕಾರಣ ಹಲವು. ಆರಿಸಿದಾಗ ಶೆಡ್ಡಿನವರು ಒಂದು ಸರಳ ಪರೀಕ್ಷೆ ಮಾಡುತ್ತಿದ್ದರು: ಎಂಜಿನ್ ನಿಂತ ಮೇಲೆ ಟರ್ಬೊ ಎಷ್ಟು ಹೊತ್ತು ತಾನೇ ತಿರುಗತ್ತೆ ಅಂತ ಗಡಿಯಾರ ಹಿಡಿದು ನೋಡೋದು. ಅಷ್ಟು ದೊಡ್ಡ ಟರ್ಬೊ ಒಂದು ನಿಮಿಷಕ್ಕೂ ಹೆಚ್ಚು ತಿರುಗಬೇಕು. ಬೇಗ ನಿಂತರೆ ಬೇರಿಂಗಿನಲ್ಲಿ ತೊಂದರೆ ಅಂತ ಅರ್ಥ. "ಟರ್ಬೊ ಇನ್ನಾ ತಿರಗಾಕತ್ತೈತಿ" ಅನ್ನೋದು ಅಲ್ಲಿ ಬರೀ ಮಾತಲ್ಲ, ರಿಜಿಸ್ಟರಿನಲ್ಲಿ ಬರೆಯೋ ಅಂಕಿ.

1999ರಲ್ಲಿ ಅಮೆರಿಕದಿಂದ ಡಬ್ಲ್ಯೂಡಿಜಿ-4 ಎಂಜಿನ್ನುಗಳು ಬಂದು ಹುಬ್ಬಳ್ಳಿ ಶೆಡ್ಡಿಗೆ ಸೇರಿದವು. ಅದರಲ್ಲಿ ಎಂಜಿನ್ ಆರಿಸಿದ ಮೇಲೂ ಸುಮಾರು ಅರ್ಧ ಗಂಟೆ ಒಂದು ಸಣ್ಣ ಎಲೆಕ್ಟ್ರಿಕ್ ಪಂಪು ಟರ್ಬೊಗೆ ಎಣ್ಣೆ ಕಳಿಸ್ತಾನೇ ಇರತ್ತೆ. ಡ್ರೈವರ್ ನೆನಪಿಡಬೇಕಾದದ್ದನ್ನು ಪಂಪೇ ನೆನಪಿಟ್ಟುಕೊಂಡಿತು!

ಒಳಗೆ ಆಗೋದೇನು?

ರೊಟ್ಟಿ ಹಂಚು ನೆನಪು ಮಾಡಿಕೊಳ್ಳಿ. ಒಲೆ ಆರಿಸಿದ ಕೂಡಲೇ ಹಂಚು ತಣ್ಣಗಾಗತ್ತಾ? ಇಲ್ಲ. ಅದರ ಮೇಲೆ ನಾಲ್ಕು ಹನಿ ಎಣ್ಣೆ ನಿಂತರೆ ಕರಕಲಾಗಿ, ಕೆರೆದರೂ ಹೋಗದ ಕರಿ ಜಿಡ್ಡಾಗತ್ತೆ. ಟರ್ಬೊ ಒಳಗೂ ಇದೇ ಕಥೆ. ಹೊಗೆಯ ಬದಿಯ ಚಕ್ರ ಡೀಸೆಲ್ ಗಾಡಿಯಲ್ಲಿ 600-700 ಡಿಗ್ರಿ, ಪೆಟ್ರೋಲ್ ರೇಸ್ ಗಾಡಿಯಲ್ಲಿ 900 ಡಿಗ್ರಿ ದಾಟತ್ತೆ. ಅದರಿಂದ ಕೆಲವೇ ಇಂಚು ದೂರದಲ್ಲಿ ಬೇರಿಂಗು. ಸಣ್ಣ ಟರ್ಬೊದ ದಂಡ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಮೇಲೆ ತಿರುಗತ್ತೆ, ಅದೂ ಕೂದಲಿಗಿಂತ ತೆಳುವಾದ ಎಣ್ಣೆಯ ಪದರದ ಮೇಲೆ ತೇಲಿಕೊಂಡು. ಆ ಎಣ್ಣೆ ಬರೋದು ಎಂಜಿನ್ ತಿರುಗಿಸೋ ಪಂಪಿನಿಂದ. ಎಂಜಿನ್ ನಿಂತರೆ ಪಂಪು ನಿಂತಿತು.

ಹಾಗಾಗಿ ಜೋರಾಗಿ ದುಡಿದ ಎಂಜಿನ್ನನ್ನು ಫಕ್ಕನೆ ಆರಿಸಿದರೆ ಎರಡು ಪೆಟ್ಟು. ಒಂದು, ಇನ್ನೂ ತಿರುಗುತ್ತಿರೋ ದಂಡಕ್ಕೆ ಎಣ್ಣೆ ಇಲ್ಲ. ಎರಡು, ಚಕ್ರದ ಕಾವು ದಂಡದ ಗುಂಟ ಬೇರಿಂಗಿಗೆ ಹರಿದು, ಆರಿಸಿದ ಮೇಲೆ ಅಲ್ಲಿನ ಶಾಖ ಇಳಿಯೋ ಬದಲು ಏರತ್ತೆ! ನಿಂತ ಎಣ್ಣೆ ಕರಕಲಾಗಿ ಎಣ್ಣೆಯ ಸಣ್ಣ ದಾರಿಗಳು ಕಟ್ಟಿಕೊಳ್ತವೆ. ಒಂದೇ ದಿನಕ್ಕೆ ಏನೂ ಕಾಣಲ್ಲ. ಒಂದು ಹಂಗಾಮು, ಎರಡು ಹಂಗಾಮು ಕಳೆದ ಮೇಲೆ ಒಂದು ದಿನ ನೀಲಿ ಹೊಗೆ.

ಇದಕ್ಕಿಂತ ಕೆಟ್ಟದ್ದು ಬಂದ್ ಮಾಡೋ ಮುಂಚೆ ಒಮ್ಮೆ ಜೋರಾಗಿ ರೇಸ್ ಕೊಟ್ಟು ಕೀ ತಿರುಗಿಸೋ ಚಟ. ನಮ್ಮಲ್ಲಿ ಬಹಳ ಜನಕ್ಕಿದೆ. ಟರ್ಬೊವನ್ನು ವೇಗಕ್ಕೆ ಏರಿಸಿ ಅದೇ ಕ್ಷಣ ಎಣ್ಣೆ ಕಿತ್ತುಕೊಂಡಂತೆ.

ಕಾರಿಗೆ ಬಂದು, ಡ್ರ್ಯಾಗ್‌ಗೆ ಬಂದು...

ಕಾರಿಗೆ ಟರ್ಬೊ ಬಂದದ್ದು 1962ರಲ್ಲಿ, ಅಮೆರಿಕದ ಕಾರ್ವೇರ್ ಮೊಂಜಾ ಸ್ಪೈಡರ್ ಮತ್ತು ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್. ಜೆಟ್‌ಫೈರ್‌ಗೆ ನೀರು ಮತ್ತು ಮೆಥನಾಲ್ ಕಲಸಿದ ದ್ರವ ಬೇರೆಯಾಗಿ ತುಂಬಿಸಬೇಕಿತ್ತು. ಜನ ತುಂಬಿಸಲಿಲ್ಲ, ಕಾರು ಎರಡೇ ವರ್ಷಕ್ಕೆ ನಿಂತಿತು. ಪೋರ್ಷೆ, ಸಾಬ್ ಕಂಪನಿಗಳು 1970ರ ದಶಕದಲ್ಲಿ ಮತ್ತೆ ತಂದವು. ಬೇರಿಂಗ್ ಕೋಣೆಯ ಸುತ್ತ ನೀರು ಹರಿಸೋ ಟರ್ಬೊಗಳು ಸಾಮಾನ್ಯವಾದದ್ದು 1980ರ ದಶಕದಲ್ಲಿ. ಎಂಜಿನ್ ನಿಂತರೂ ಬಿಸಿ ನೀರು ತಾನೇ ಮೇಲೇರಿ, ತಣ್ಣನೆಯದು ಕೆಳಗೆ ಬಂದು ಸ್ವಲ್ಪ ಹೊತ್ತು ತಣಿಸತ್ತೆ. ಜಪಾನಿನವರು ಕೀ ತೆಗೆದ ಮೇಲೂ ಎಂಜಿನ್ನನ್ನು ಕೆಲವು ನಿಮಿಷ ಓಡಿಸೋ 'ಟರ್ಬೊ ಟೈಮರ್' ಅನ್ನೋ ಪೆಟ್ಟಿಗೆ ಮಾರಿದರು.

ಡ್ರ್ಯಾಗ್ ರೇಸಿನಲ್ಲಿ ವಿಷಯ ಇನ್ನೂ ನಾಜೂಕು. ಕಾಲು ಮೈಲು, ಅಂದ್ರೆ 402 ಮೀಟರ್. ನಮ್ಮ ದೇಶದಲ್ಲಿ ಲೋಣಾವಳಾ ಹತ್ತಿರದ ಆಂಬಿ ವ್ಯಾಲಿ ಏರ್‌ಸ್ಟ್ರಿಪ್‌ನಲ್ಲಿ ನಡೆದ ವ್ಯಾಲಿ ರನ್ ವಿಡಿಯೊಗಳನ್ನು ನೋಡಿರಬಹುದು. ಹತ್ತು ಚಿಲ್ಲರೆ ಸೆಕೆಂಡಿನಲ್ಲಿ ಎಲ್ಲಾ ಮುಗೀತು ಅಂತ ನಮಗೆ ಕಾಣತ್ತೆ. ಆದರೆ ಗೆರೆ ದಾಟಿದ ಕ್ಷಣದಲ್ಲೇ ಟರ್ಬೊ ಅತಿ ಹೆಚ್ಚು ವೇಗದಲ್ಲಿ, ಅತಿ ಹೆಚ್ಚು ಕಾವಿನಲ್ಲಿ ಇರೋದು. ಅಲ್ಲಿ ಕೀ ತಿರುಗಿಸೋದು ಅತ್ಯಂತ ಕೆಟ್ಟ ಹೊತ್ತು. ಕಾಲು ತೆಗೆದು, ಎಂಜಿನ್ ಓಡುತ್ತಿರುವಂತೆಯೇ ಗಾಡಿಯನ್ನು ಉರುಳಲು ಬಿಡೋದು, ಆ ಹೊತ್ತಲ್ಲಿ ತಣ್ಣನೆ ಗಾಳಿ ಮತ್ತು ಎಣ್ಣೆ ಎರಡೂ ಟರ್ಬೊಗೆ ಸಿಗೋ ಹಾಗೆ ನೋಡಿಕೊಳ್ಳೋದು, ನಿಂತ ಮೇಲೆ ಸ್ವಲ್ಪ ಐಡಲ್, ಆಮೇಲೆ ಆರಿಸೋದು. ಮೆಥನಾಲಿನ ಗಾಡಿಯಾದರೆ ಮೊದಲು ಇಂಧನ, ಕಡೆಗೆ ಕಿಡಿ. ಇಲ್ಲದಿದ್ದರೆ ಉರಿಯದ ಮೆಥನಾಲ್ ಸಿಲಿಂಡರಿನಲ್ಲಿ ತುಂಬಿಕೊಳ್ಳತ್ತೆ. ಲಿಬರೇಟರ್ ಪೈಲಟ್ ಮಾಡುತ್ತಿದ್ದದ್ದೂ ಇದೇ ತಾನೆ?

ಒಂದು ತೊಡಕೂ ಇದೆ. ಬರೀ ಡ್ರ್ಯಾಗ್‌ಗೆ ಅಂತಲೇ ಕಟ್ಟಿದ ಕೆಲವು ಎಂಜಿನ್ನುಗಳಲ್ಲಿ ಗಟ್ಟಿತನಕ್ಕಾಗಿ ನೀರಿನ ದಾರಿಯನ್ನೇ ತುಂಬಿ ಮುಚ್ಚಿರ್ತಾರೆ. ಟರ್ಬೊ ತಣಿಯಲಿ ಅಂತ ಬಹಳ ಹೊತ್ತು ಐಡಲ್ ಬಿಟ್ಟರೆ ಎಂಜಿನ್ನೇ ಕಾಯತ್ತೆ. ಅದಕ್ಕೇ ಎಂಜಿನ್ ಬೇಗ ಆರಿಸಿ, ಎಲೆಕ್ಟ್ರಿಕ್ ಪಂಪಿನಿಂದ ಎಣ್ಣೆ ಹರಿಸುತ್ತಾ ಇರ್ತಾರೆ. ಹುಬ್ಬಳ್ಳಿ ಶೆಡ್ಡಿನ ಪಂಪು ಮತ್ತೆ ನೆನಪಾಗಲಿಲ್ವಾ?

ನಮ್ಮೂರ ಜಗ್ಗಾಟ

ನಮ್ಮಲ್ಲಿ ಡ್ರ್ಯಾಗ್ ಕಾರಿಲ್ಲ. ಆದರೆ ಜಾತ್ರೆಯಲ್ಲಿ ಟ್ರ್ಯಾಕ್ಟರ್ ಜಗ್ಗಾಟ ಇದೆ. ಎರಡು ಟ್ರ್ಯಾಕ್ಟರುಗಳ ಬೆನ್ನಿಗೆ ಬೆನ್ನು ಸರಪಳಿ ಕಟ್ಟಿ ಎಳೆಸೋದು. 55 ಎಚ್‌ಪಿಯ ಜಾನ್ ಡಿಯರ್ 5310 ತರಹದ ಟರ್ಬೊ ಗಾಡಿಗಳು ಬಂದ ಮೇಲೆ ಆಟದ ರಭಸ ಏರಿತು. ಡೀಸೆಲ್ ಹೆಚ್ಚಿಸಿ, ಸೈಲೆನ್ಸರ್ ಬದಲಿಸಿ ತರೋ ಹುಡುಗರೂ ಇದ್ದಾರೆ. ಗೆದ್ದ ಕೂಡಲೇ ಜನ ಮುತ್ತಿ, ಹೆಗಲ ಮೇಲೆ ಹೊರೋ ಸಡಗರದಲ್ಲಿ ಕೀ ತಿರುಗಿಸಿ ಇಳಿದುಬಿಡ್ತಾರೆ. ಮರುದಿನ ಅದೇ ಗಾಡಿ ಎರಡು ಟ್ರೇಲರ್ ಕಬ್ಬು ಎಳೆದು ಫ್ಯಾಕ್ಟರಿಗೆ ಹೋಗಬೇಕು. ಸಾಲದ ಕಂತು ಆ ಟ್ರಿಪ್ಪುಗಳ ಮೇಲೆ ನಿಂತಿದೆ. ಹಂಗಾಮಿನ ನಡುವೆ ಟರ್ಬೊ ಹೋದರೆ ಅದರ ಬೆಲೆಯಷ್ಟೇ ಅಲ್ಲ, ಗಾಡಿ ನಿಂತ ದಿನಗಳು, ಕಡಿದಿಟ್ಟ ಕಬ್ಬು ಒಣಗೋದು, ಗ್ಯಾಂಗಿನವರ ಕೂಲಿ, ಎಲ್ಲಾ ಸೇರತ್ತೆ.

ಇದು ಬರೀ ದುಡ್ಡಿನ ಮಾತೂ ಅಲ್ಲ. ಸವೆದ ಟರ್ಬೊದ ಸೀಲು ಹೋಗಿ ಎಂಜಿನ್ ಆಯಿಲ್ ಗಾಳಿಯ ದಾರಿಗೆ ಸೇರಿದರೆ ಡೀಸೆಲ್ ಎಂಜಿನ್ ತನ್ನದೇ ಎಣ್ಣೆ ಕುಡಿದು ಓಡತೊಡಗತ್ತೆ. ಕೀ ತಿರುಗಿಸಿದರೂ, ಸ್ಟಾಪ್ ನಾಬ್ ಎಳೆದರೂ ನಿಲ್ಲಲ್ಲ, ವೇಗ ಏರ್ತಾನೇ ಹೋಗತ್ತೆ, ಒಡೆಯೋವರೆಗೆ. ನಿಲ್ಲಿಸೋ ದಾರಿ ಗಾಳಿ ಕಟ್ಟೋದು. ಅದಕ್ಕೇ ಹೊರದೇಶದ ಟ್ರ್ಯಾಕ್ಟರ್ ಪುಲ್ಲಿಂಗ್ ಆಟಗಳಲ್ಲಿ, ಗಾಡಿ ಸರಪಳಿ ಬಿಚ್ಚಿಕೊಂಡರೆ ತಾನಾಗೇ ಎಳೆದು ಎಂಜಿನ್ ನಿಲ್ಲಿಸೋ ಹಗ್ಗ, ಗಾಳಿಯ ಬಾಯಿ ಮುಚ್ಚೋ ಫಲಕ ಕಡ್ಡಾಯ ಮಾಡಿದ್ದಾರೆ. ನಮ್ಮ ಜಾತ್ರೆಗಳಲ್ಲಿ ಸರಪಳಿಯ ಪಕ್ಕದಲ್ಲೇ ಚಿಕ್ಕ ಹುಡುಗರು ನಿಂತಿರ್ತಾರೆ.

ಜಗ್ಗಾಟ ಆಡೋ ಅಣ್ತಮ್ಮಂದಿರಿಗೆ, ಇಷ್ಟು ಸುತ್ತಿ ಬಂದ ಮೇಲೆ ನನಗೆ ತಿಳಿದದ್ದು:

1. ಎಳೆದು ಮುಗಿದ ಕೂಡಲೇ ಎಕ್ಸಲೇಟರ್ ಇಳಿಸಿ, ಗಾಡಿ ನ್ಯೂಟ್ರಲ್‌ಗೆ. ಕೀಗೆ ಕೈ ಹಾಕಬೇಡಿ.
2. ಎರಡು ಮೂರು ನಿಮಿಷ ಐಡಲ್ ಬಿಡಿ. ಸೀಟಿನ ಮೇಲೇ ಕೂತಿರಿ, ಹಾರ ಅಲ್ಲೇ ಹಾಕಿಸಿಕೊಳ್ಳಿ :)
3. ಆರಿಸೋ ಮುಂಚೆ ರೇಸ್ ಕೊಡಬೇಡಿ.
4. ಎಂಜಿನ್ ಆಯಿಲ್ ಹೇಳಿದ ಗಂಟೆಗೆ ಬದಲಿಸಿ. ಹಳೇ ಎಣ್ಣೆ ಬೇಗ ಕರಕಲಾಗತ್ತೆ.
5. ಎಂಜಿನ್ ತಾನೇ ಏರತೊಡಗಿದರೆ ಮೊದಲು ಜನರನ್ನು ದೂರ ಮಾಡಿ. ಹತ್ತಿರ ಹೋಗುವಂತಿದ್ದರೆ ಮಾತ್ರ ಗಾಳಿಯ ಬಾಯಿಗೆ ಗಟ್ಟಿ ಹಲಗೆ ಅಡ್ಡ ಒತ್ತಿ. ಕೈ ಬೇಡ, ಬಟ್ಟೆಯೂ ಬೇಡ, ಒಳಗೆ ಎಳೆದುಕೊಳ್ಳತ್ತೆ.

"ಈಗಿನ ಗಾಡಿಗೆ ಇದೆಲ್ಲಾ ಬೇಕಿಲ್ಲ" ಅಂತ ಹೇಳೋರಿದ್ದಾರೆ. ಅರ್ಧ ನಿಜ. ಸಿಗ್ನಲ್ಲಿನಲ್ಲಿ ತಾನೇ ಆರಿ ತಾನೇ ಹೊತ್ತೋ ಟರ್ಬೊ ಕಾರುಗಳು ಈಗ ರಸ್ತೆಯಲ್ಲಿವೆ. ಅವುಗಳಲ್ಲಿ ಹಲವಕ್ಕೆ ಎಂಜಿನ್ ನಿಂತ ಮೇಲೂ ನೀರು ತಿರುಗಿಸೋ ಪಂಪಿದೆ, ಎಣ್ಣೆಗಳೂ ಸುಧಾರಿಸಿವೆ. ಊರೊಳಗೆ ಮೆಲ್ಲಗೆ ಓಡಿಸಿಕೊಂಡು ಬಂದು ಮನೆ ಮುಂದೆ ನಿಲ್ಲಿಸಿದರೆ ಟರ್ಬೊ ದಾರಿಯಲ್ಲೇ ತಣಿದಿರತ್ತೆ, ಮತ್ತೆ ಕಾಯೋದು ಡೀಸೆಲ್ ದಂಡ. ಆದರೆ ಘಾಟಿ ಹತ್ತಿದ ಕೂಡಲೇ, ಕಬ್ಬು ಎಳೆದು ನಿಂತ ಕೂಡಲೇ, ಜಗ್ಗಾಟ ಮುಗಿದ ಕೂಡಲೇ ಆ ಎರಡು ನಿಮಿಷ ಇವತ್ತಿಗೂ ಬೇಕು.

ಬ್ಯೂಕಿಯ ಹೆಸರು ನಮ್ಮ ಕಾಕಾ ಕೇಳಿಲ್ಲ. ಲಿಬರೇಟರ್ ಕಟ್ಟಿದ ಬೆಂಗಳೂರಿನ ಮೆಕ್ಯಾನಿಕ್‌ಗಳ ಹೆಸರು ನಮಗೂ ಗೊತ್ತಿಲ್ಲ. ಆದರೂ ತಿಳಿವಳಿಕೆ ಮಾತ್ರ ಬಾಯಿಂದ ಬಾಯಿಗೆ, ಸ್ಪ್ಯಾನರ್ ಹಿಡಿದ ಕೈಯಿಂದ ಕೈಗೆ ಬಂದಿದೆ. ಕನ್ನಡದಲ್ಲಿ ಇದನ್ನ ಬರೆದಿಟ್ಟವರು ಕಡಿಮೆ. ನಿಮ್ಮ ಮನೆಯಲ್ಲಿ ರೈಲ್ವೆ ಶೆಡ್ಡಿನಲ್ಲೋ, ಎಚ್‌ಎಎಲ್‌ನಲ್ಲೋ, ಕೆಎಸ್‌ಆರ್‌ಟಿಸಿ ಡಿಪೋದಲ್ಲೋ ದುಡಿದ ಹಿರಿಯರಿದ್ದರೆ ಎಂಜಿನ್ ಆರಿಸೋ ಬಗ್ಗೆ ಅವರು ಏನು ಹೇಳ್ತಿದ್ದರು ಅಂತ ಕೇಳಿ, ನಿಮ್ಮ ಬ್ಲಾಗಿನಲ್ಲಿ ಬರೀರಿ. ನಾನಂತೂ ಓದೋಕೆ ಕಾಯ್ತಾ ಇರ್ತೀನಿ.